ತ್ರಿಧಾರಾದ ಹಳೆಯ ಮಾಲು

ನಾಸಿಕಕ್ಕೆ ಬಂದ ನೆಂಟರು ಹೊರಡುವಾಗ ಅವರ ಚೀಲದೊಳಗೆ ಒಂದು ಪೊಟ್ಟಣ ತ್ರಿಧಾರಾ ಚಿವಡಾ ತುರುಕದೆ ಯಾವ ಮನೆಯವರೂ ಕಳಿಸುತ್ತಿರಲಿಲ್ಲ. ಆ ಚಿವಡಾ ತಯಾರಾಗುತ್ತಿದ್ದದ್ದು ಊರಂಚಿನ ಸಾತಪುರದ ಕಾರ್ಖಾನೆಯಲ್ಲಿ. ಕಾರ್ಖಾನೆಯ ಗೇಟಿಗೆ ಎದುರಾಗಿ, ರಸ್ತೆಯ ಈಚೆ ಬದಿಗೆ, ಜಯರಾಮನ ಹೋಟೆಲು. ಬೈಂದೂರಿನಿಂದ ಮದುವೆಯಾಗಿ ಬಂದ ಹರಿಣಾಕ್ಷಿ ಅಂದಿನಿಂದ ಆ ಹೋಟೆಲಿನ ಅಡುಗೆಮನೆಯನ್ನೂ ಗಲ್ಲೆಯನ್ನೂ ಗಂಡನ ಜೊತೆ ಹಂಚಿಕೊಂಡವಳು. ಮಧ್ಯಾಹ್ನವಾದರೆ ಎದುರಿನಿಂದ ಹುರಿದ ಅವಲಕ್ಕಿ, ಬೆಳ್ಳುಳ್ಳಿ, ಕರಿದ ಈರುಳ್ಳಿಯ ಪರಿಮಳ ತೇಲಿ ಬರುತ್ತಿತ್ತು. "ನಮಗೆ ತಿಂಡಿ ಗಾಳಿಯಲ್ಲೇ ಬರ್ತದೆ" ಎಂದು ಅವಳು ಊರಿನವರಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಕಾರ್ಖಾನೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಪ್ಯಾಕಿಂಗಿನ ಹೆಂಗಸರು ವರ್ಷಗಟ್ಟಲೆ ಗುತ್ತಿಗೆಯ ಮೇಲೆಯೇ ದುಡಿದಿದ್ದರು, ಅವರನ್ನು ಕಾಯಂ ಮಾಡಬೇಕೆಂಬುದು ಬೇಡಿಕೆ. ಮಾಲೀಕ ಮುಕುಂದ ಶೇಟ್ ಮುಖ ಕೊಟ್ಟು ಮಾತಾಡಲಿಲ್ಲ, ಗೇಟಿಗೆ ಬೀಗ ಹಾಕಿಸಿದ. ಹೆಂಗಸರು ಗೇಟಿನ ಮುಂದೆ ತಾಡಪಾಲು ಕಟ್ಟಿ ಕೂತರು. ಅವರಲ್ಲಿ ಮುಂದಾಳು ವಿಜಯಪುರದ ಕಡೆಯ ದಾನಮ್ಮ. ಗಂಡ ಸತ್ತ ಮೇಲೆ ಇಲ್ಲಿಗೆ ಬಂದು, ತ್ರಿಧಾರಾದ ಪೊಟ್ಟಣ ತುಂಬುತ್ತಲೇ ತಲೆ ನರೆಸಿಕೊಂಡವಳು. ಭಾಷೆ ಒಂದೇ ಎಂಬ ಸಲಿಗೆಯಿಂದ ದಿನಕ್ಕೊಮ್ಮೆಯಾದರೂ ಹರಿಣಾಕ್ಷಿಯ ಹತ್ತಿರ ಬಂದು ಕೂರುತ್ತಿದ್ದಳು.

ಯೂನಿಯನ್ನಿನ ಮುಖಂಡ ಶಶಿಕಾಂತ ಮಾತ್ರ ತಾಡಪಾಲಿನಡಿ ಕೂರುವವನಲ್ಲ. ಬೆಳಿಗ್ಗೆ ಹೋಟೆಲಿಗೆ ಬಂದು ಫ್ಯಾನಿನ ಕೆಳಗಿನ ಮೇಜು ಹಿಡಿದು ಮಸಾಲೆದೋಸೆ ತಿಂದು, ಕೈ ತೊಳೆದ ಮೇಲೆ ರಸ್ತೆ ದಾಟಿ ಭಾಷಣ ಬಿಗಿಯುತ್ತಿದ್ದ. "ವಹಿನಿ, ನಿಮ್ಮ ಚಟ್ನಿ ತಿಂದರೆ ಗಂಟಲು ತೆರೆಯುತ್ತದೆ" ಎಂದು ಮರಾಠಿಯಲ್ಲಿ ಹೊಗಳುತ್ತಿದ್ದ. ಅತ್ತಿಗೆ ಎಂದು ಕರೆದವನ ಮೇಲೆ ಹರಿಣಾಕ್ಷಿಗೂ ವಿಶ್ವಾಸವಿತ್ತು.

ಬಿಸಿಲು ಏರಿದ ಹಾಗೆ ಎದುರಿನ ಗಾಳಿ ಕೆಟ್ಟಿತು. ಗೋದಾಮಿನಲ್ಲಿ ಉಳಿದ ಮಾಲಿನ ಎಣ್ಣೆ ತಗಡಿನ ಮಾಡಿನಡಿ ಕುದ್ದು ಕಮಟಾಗಿತ್ತು. ಆ ವಾಸನೆ ರಸ್ತೆ ದಾಟಿ ಬಂದು ಹೋಟೆಲಿನ ಪರದೆಗೆ, ಒಗೆದ ಸೀರೆಗೆ, ತಲೆಗೂದಲಿಗೆ ಅಂಟಿಕೊಂಡಿತು. ಇಲಿಗಳು ಗೋದಾಮಿನ ಗೋಡೆ ಕೊರೆದು ಹಗಲಲ್ಲೇ ಓಡಾಡತೊಡಗಿದವು.

ಒಂದು ದಿನ ಬೆಳಿಗ್ಗೆ ಗೋದಾಮಿನಿಂದ ಲಾರಿಗಳು ಹೊರಟವು. ದಾನಮ್ಮ ಮೊದಲನೆಯ ಲಾರಿಗೆ ಅಡ್ಡ ನಿಂತಳು. ಶಶಿಕಾಂತ ಎಲ್ಲರ ಎದುರು ಅವಳನ್ನು ಚಿಕ್ಕಮ್ಮ ಎಂದು ಕರೆದು ಕೈ ಮುಗಿದ. "ಮಾವಶೀ, ಇದು ಕೊಳೆತ ಮಾಲು. ಊರಾಚೆ ಗುಂಡಿ ತೋಡಿ ಹೂಳಲಿಕ್ಕೆ ಒಯ್ಯುತ್ತಿದ್ದಾರೆ. ಇಲ್ಲೇ ಇದ್ದರೆ ರೋಗ ಬರುವುದು ನಮಗೇ. ದಾರಿ ಬಿಡಿ." ದಾನಮ್ಮ ಸರಿದು ನಿಂತಳು. ಪೀಡೆ ತೊಲಗಿತು ಎಂದುಕೊಂಡು ಹರಿಣಾಕ್ಷಿ ಹೋಟೆಲಿನ ನೆಲವನ್ನೆಲ್ಲ ಫಿನಾಯಿಲು ಹಾಕಿ ತೊಳೆದಳು.

ಮಳೆ ಹಿಡಿಯುವ ಮುಂಚೆ ಗೇಟಿಗೆ ನೋಟೀಸು ಅಂಟಿತು. ಕಾರ್ಖಾನೆ ಶಾಶ್ವತವಾಗಿ ಬಂದ್. ಕಾರ್ಮಿಕರ ಹಟವೇ ಒಂದು ದೊಡ್ಡ ಹೆಸರನ್ನು ಕೊಂದಿತು ಎಂದು ಶೇಟ್ ಪತ್ರಿಕೆಯವರ ಮುಂದೆ ಕಣ್ಣೊರೆಸಿಕೊಂಡ. "ಸಿಕ್ಕಷ್ಟು ತೆಗೆದುಕೊಂಡು ರಾಜೀನಾಮೆಗೆ ಸಹಿ ಹಾಕಿ, ಕೋರ್ಟಿಗೆ ಹೋದರೆ ಅದೂ ಇಲ್ಲ" ಎಂದು ಶಶಿಕಾಂತನೇ ಹೆಂಗಸರನ್ನು ಒಬ್ಬೊಬ್ಬರಾಗಿ ಒಪ್ಪಿಸಿದ. ದಾನಮ್ಮ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ಬಂದು, "ಊರಿಗೆ ಹೊಕ್ಕೀನ್ರಿ ಅಕ್ಕಾರ. ಇಲ್ಲೇನೈತ್ರಿ ಇನ್ನ?" ಎಂದು ಹೇಳಿ ಹೋದಳು.

ದಸರೆಯ ಹೊತ್ತಿಗೆ ಜಯರಾಮನ ತಮ್ಮ ವರುಣ ಸಂಭಾಜಿನಗರದಲ್ಲಿ ಎರಡನೆಯ ಹೋಟೆಲು ತೆರೆದ. ದೌಲತಾಬಾದಿನ ಕೋಟೆಗೆ ಹೋಗುವ ರಸ್ತೆ, ಪ್ರವಾಸಿಗಳಿಗೆ ಕೊರತೆಯಿಲ್ಲ. ಗಣಹೋಮಕ್ಕೆ ಹರಿಣಾಕ್ಷಿಯೊಬ್ಬಳೇ ಬಸ್ಸಿನಲ್ಲಿ ಹೋದಳು. ಹೋಮ ಮುಗಿದು ಊಟವಾದ ಮೇಲೆ ಗಲ್ಲೆಯ ಬಳಿ ಕೂತಿದ್ದವಳ ಕಣ್ಣಿಗೆ ತೋರಣದ ಹಾಗೆ ತೂಗುಬಿಟ್ಟ ಕೆಂಪು ಪೊಟ್ಟಣಗಳು ಬಿದ್ದವು. 'ಸ್ವಾದಗಡ ಚಿವಡಾ' ಎಂದಿತ್ತು. ಒಂದನ್ನು ಹರಿದು ಬಾಯಿಗೆ ಹಾಕಿಕೊಂಡಳು. ನಾಲಗೆಗೆ ಮೊದಲು ಹತ್ತಿದ್ದು ತ್ರಿಧಾರಾದ ಅದೇ ಮಸಾಲೆ. ಹಿಂದೆಯೇ ಗಂಟಲಿನ ಬುಡದಲ್ಲಿ ಬೇಸಿಗೆಯ ಆ ಕಮಟು ಎದ್ದಿತು. ಅವಳು ಎದ್ದು ಓಡಿ ಮೋರಿಗೆ ಉಗುಳಿದಳು. ಉಗುಳಿದರೂ ಹೋಗಲಿಲ್ಲ, ಮೂರು ಸಲ ಬಾಯಿ ಮುಕ್ಕಳಿಸಿದಳು.

"ಎಂತ ಅತ್ತಿಗೆ, ಪಿತ್ತವಾ?" ಎಂದ ವರುಣ.

"ಈ ಹೊಲಸು ಎಲ್ಲಿಂದ ಬಂದದ್ದು?"

"ವಾಳೂಜದಲ್ಲಿ ಹೊಸ ಫ್ಯಾಕ್ಟರಿ. ಟೂರಿಸ್ಟರು ತಕೊಳ್ತಾರೆ, ಬಸ್ಸು ಹತ್ತಿ ಹೋಗ್ತಾರೆ. ಚಂದ ಇಲ್ಲ ಅಂತ ಹೇಳ್ಲಿಕ್ಕೆ ಯಾರು ವಾಪಸ್ ಬರುದು?" ಎಂದು ಅವನು ನಕ್ಕ. ಹಣೆಯಲ್ಲಿ ಹೋಮದ ರಕ್ಷೆಯ ಕಪ್ಪು ಇನ್ನೂ ಹಸಿಯಾಗಿತ್ತು.

ಮರುದಿನ ಅವಳು ಪೊಟ್ಟಣದ ಮೇಲಿನ ವಿಳಾಸ ಹಿಡಿದು ಆಟೋ ಮಾಡಿಕೊಂಡು ವಾಳೂಜಕ್ಕೆ ಹೋದಳು. ಹೆಸರಿನ ಫಲಕವಿಲ್ಲದ ತಗಡಿನ ಶೆಡ್ಡು. ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವನು ಶಶಿಕಾಂತ. ಕೊರಳಲ್ಲಿ ಹೊಸ ಚಿನ್ನದ ಸರ. ಅವಳನ್ನು ಕಂಡು ಅವನು ಅಳುಕಲಿಲ್ಲ, ಮುಖ ಅರಳಿತು.

"ಅರೆ, ವಹಿನಿ! ಚಹಾ ತರಿಸುತ್ತೇನೆ, ಬನ್ನಿ. ಶೇಟ್ ಕೆಲಸದವರನ್ನು ಒದಗಿಸುವ ಗುತ್ತಿಗೆ ನನಗೇ ಕೊಟ್ಟಿದ್ದಾರೆ. ಬಡ ಹೆಂಗಸರಿಗೆ ಅನ್ನದ ದಾರಿಯಾಯಿತು, ಇನ್ನೇನು ಬೇಕು?"

ಅವನ ಹೆಗಲಾಚೆ ಅರ್ಧ ಎತ್ತಿದ ಷಟರು. ಒಳಗೆ ಹೆಂಗಸರು ಸಾಲಾಗಿ ಕೂತು ತ್ರಿಧಾರಾದ ಹಳೆಯ ನೀಲಿ ಪೊಟ್ಟಣಗಳನ್ನು ಹರಿದು ತಾಡಪಾಲಿನ ಮೇಲೆ ಸುರುವುತ್ತಿದ್ದರು. ಇಲಿಯ ಹಿಕ್ಕೆಯನ್ನು ಒಬ್ಬಳು ಬೆರಳಿನಿಂದ ಆರಿಸಿ ಎಸೆಯುತ್ತಿದ್ದಳು. ಆಚೆ ಕಡಾಯಿಯಲ್ಲಿ ಕಪ್ಪು ಎಣ್ಣೆ ನೊರೆಯುಕ್ಕುತ್ತಿತ್ತು. ಸುರಿದದ್ದನ್ನೆಲ್ಲ ಅದರಲ್ಲಿ ಮತ್ತೊಮ್ಮೆ ಕರಿದು, ಮೇಲೆ ಹೊಸ ಮಸಾಲೆ ಉದುರಿಸಿ ಕೆಂಪು ಪೊಟ್ಟಣಕ್ಕೆ ತುಂಬುತ್ತಿದ್ದರು. ಮೂಗಿಗೆ ಸೆರಗು ಬಿಗಿದಿದ್ದ ಒಬ್ಬಳು ತಲೆಯೆತ್ತಿ ನೋಡಿದಳು. ದಾನಮ್ಮ.

ಹರಿಣಾಕ್ಷಿ ಷಟರಿನ ಕಡೆ ಹೆಜ್ಜೆಯಿಟ್ಟಳು. ದಾನಮ್ಮನೇ ಹೊರಗೆ ಬಂದು ಅವಳನ್ನು ಗೋಡೆಯ ಬದಿಗೆ ಕರೆದೊಯ್ದಳು.

"ಹಂಗ ನೋಡಬ್ಯಾಡ್ರಿ ಅಕ್ಕಾರ. ಊರಾಗ ಅಣ್ಣತಮ್ಮಂದಿರು ಒಂದ್ ವಾರ ಇಟ್ಕೊಂಡ್ರು. ಆಮ್ಯಾಲ ನನ್ನ ಗಂಗಾಳದಾಗಿನ ರೊಟ್ಟಿ ಎಣಿಸಾಕ ಹತ್ತಿದ್ರು. ಅಷ್ಟರಾಗ ಇವ ಫೋನ್ ಮಾಡಿ ಕರದ."

"ಅದಕ್ಕೆ ಇದಾ? ಆ ನಾಯಿಯ ಕೈ ಕೆಳಗೆ? ಮಕ್ಕಳು ತಿಂತಾವೆ ದಾನಮ್ಮ ಇದನ್ನು!"

"ಗೊತ್ತೈತ್ರಿ. ನಾ ಕೈ ತೊಳಕೊಂಡ್ರೂ ಉಣ್ಣಾಕ ಆಗವಲ್ದು. ಆದ್ರ ಸಂಜೀಕ ಉಣ್ಣಾಕ ಬೇಕಲ್ರಿ." ಅವಳು ಸೆರಗನ್ನು ಮತ್ತೆ ಮೂಗಿಗೆ ಬಿಗಿದುಕೊಂಡು ಒಳಗೆ ಹೋದಳು.

ಬಸ್ಸಿನಲ್ಲಿ ನಾಸಿಕದವರೆಗೂ ಹರಿಣಾಕ್ಷಿ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಳು. ಸೀರೆ ಮೂಸಿದರೆ ಅದೇ ಎಣ್ಣೆ. ಮನೆಗೆ ಬಂದವಳೇ ಗಂಡನ ಮುಂದೆ ಎಲ್ಲವನ್ನೂ ಹೇಳಿದಳು. ಜಯರಾಮ ಗಲ್ಲೆಯ ಮೇಲಿನ ಧೂಳು ಒರೆಸುತ್ತ ಕೇಳಿದ.

"ನಮಗೆ ಎಂತಕ್ಕೆ ಮಾರಾಯ್ತಿ ದೊಡ್ಡವರ ಉಸಾಬರಿ? ಎಲ್ಲ ಕಡೆ ನಡೆಯುದೇ."

ಆ ಸಮಾಧಾನದಲ್ಲೇ ಏನೋ ಅಡಗಿದೆ ಅನ್ನಿಸಿತು. ಅವಳು ಉಗ್ರಾಣದ ಬಾಗಿಲು ತೆರೆದಳು. ಅಕ್ಕಿ ಮೂಟೆಗಳ ಪಕ್ಕ ಮಾಡಿನವರೆಗೆ ಸ್ವಾದಗಡದ ಪೆಟ್ಟಿಗೆಗಳು.

"ನಾನಿಲ್ಲದಾಗ ತರಿಸುವಾ ಅಂತ ಇತ್ತಲ್ಲ ನಿಮಗೆ?"

"ಶಶಿಕಾಂತ ಕೇಳಿದ. ಸಾತಪುರಕ್ಕೆಲ್ಲ ನಾವೇ ಏಜೆಂಟು ಅಂದ. ಫ್ಯಾಕ್ಟರಿ ಮುಚ್ಚಿ ಗಿರಾಕಿ ಇಲ್ಲ, ಎಂತ ಮಾಡುದು ನಾನು?"

ಶೇಟನನ್ನೂ ಶಶಿಕಾಂತನನ್ನೂ ಕಂಡು ಹುಟ್ಟಿದ ಹೇಸಿಗೆ ಹೊರಗಿನದು, ಬಾಗಿಲು ಹಾಕಿಕೊಳ್ಳಬಹುದಿತ್ತು. ಇದು ಒಟ್ಟಿಗೆ ಉಂಡ ಬಟ್ಟಲಿನದು. ಅಂದಿನಿಂದ ಅವಳು ಗಂಡನಿಗೆ ಬಡಿಸಲಿಲ್ಲ. ಮರುದಿನ ಅವನಿಗೆ ಕೇಳುವ ಹಾಗೆಯೇ ಸಂಭಾಜಿನಗರದ ಆಹಾರ ಇಲಾಖೆಗೆ ಫೋನು ಮಾಡಿ, ತನ್ನ ಹೆಸರು ಹೇಳಿ, ಶೆಡ್ಡಿನ ಗುರುತು ಕೊಟ್ಟಳು.

ದಾಳಿ ನಡೆಯಿತು. ಆದರೆ ಪತ್ರಿಕೆಯಲ್ಲಿ ಬಂದ ಸುದ್ದಿ ಬೇರೆ. ಶೆಡ್ಡು ಬಾಡಿಗೆಗೆ ಕೊಟ್ಟದ್ದಷ್ಟೇ ತಾನು, ಒಳಗಿನದು ಗುತ್ತಿಗೆದಾರನ ಕಾರಭಾರ ಎಂದು ಶೇಟ್ ಕೈ ತೊಳೆದುಕೊಂಡಿದ್ದ. ಮುಷ್ಕರದ ಸೇಡಿಗೆ ಹಳೆಯ ಹೆಂಗಸರೇ ಕೊಳೆತ ಮಾಲು ಬೆರೆಸಿದ್ದಾರೆ, ತನಗೆ ಗೊತ್ತೇ ಇರಲಿಲ್ಲ ಎಂದು ಶಶಿಕಾಂತ ಹೇಳಿಕೆ ಕೊಟ್ಟಿದ್ದ. ಪೊಲೀಸರು ಹೆಂಗಸರನ್ನು ವ್ಯಾನಿಗೆ ತುಂಬಿಸಿಕೊಂಡು ಹೋಗಿದ್ದರು. ಫೋನಿನಲ್ಲಿ ಇದನ್ನು ತಿಳಿಸಿದ ವರುಣ, "ನಿಮ್ಮಿಂದ ನನ್ನ ಹೋಟೆಲಿಗೂ ನೋಟೀಸು ಬಂತು ಅತ್ತಿಗೆ" ಎಂದು ಕಿರುಚಿ ಇಟ್ಟ.

ಹರಿಣಾಕ್ಷಿ ಮತ್ತೆ ಬಸ್ಸು ಹಿಡಿದಳು. ಠಾಣೆಯ ಸಾಹೇಬ ಅವಳಿಗೆ ಚಹಾ ತರಿಸಿದ, ಜೊತೆಗೆ ಒಂದು ತಟ್ಟೆ ಕರಿದ ಶೇವು. ಅವಳು ತಟ್ಟೆಯನ್ನು ಆಚೆ ಸರಿಸಿ, ಲಾರಿಗಳು ಯಾರ ಮಾತಿನ ಮೇಲೆ ಹೊರಟವು, ಶೆಡ್ಡಿನ ಬಾಗಿಲಲ್ಲಿ ಯಾರು ಕೂತಿದ್ದ, ಗುತ್ತಿಗೆ ಯಾರದೆಂದು ಅವನೇ ಹೇಗೆ ಜಂಬ ಕೊಚ್ಚಿದ ಎಂದು ಎಲ್ಲವನ್ನೂ ಬರೆಸಿದಳು. "ಕೋರ್ಟಿನಲ್ಲಿಯೂ ಇದನ್ನೇ ಹೇಳುತ್ತೀರಾ?" ಎಂದು ಅವನು ಕೇಳಿದಾಗ, "ಕರೆದ ದಿನ ಬರುತ್ತೇನೆ" ಎಂದಳು. ಸಂಜೆಯ ಹೊತ್ತಿಗೆ ಹೆಂಗಸರನ್ನು ಬಿಟ್ಟರು.

ಠಾಣೆಯ ಹೊರಗೆ ಬೇವಿನ ಮರದಡಿ ದಾನಮ್ಮ ಸಿಕ್ಕಿದಳು. ಹರಿಣಾಕ್ಷಿ ಕೈ ಹಿಡಿಯಲು ಹೋದರೆ ಎಳೆದುಕೊಂಡಳು.

"ಫೋನ್ ಮಾಡಿದವ್ರು ನೀವ ಅಂತ ಗೊತ್ತಾತ್ರಿ."

"ನಾನೇ. ನಿಮ್ಮನ್ನು ಹಿಡೀತಾರೆ ಅಂತ ನಂಗೆ ಹೊಳೀಲಿಲ್ಲ."

"ಮತ್ಯಾರನ್ನ ಹಿಡೀತಾರ್ರಿ? ಇಷ್ಟು ವರ್ಷ ಹೋಟೆಲ್ ನಡಸೀರಿ, ಕುದಿಯೂ ಕಡಾಯಿ ಉರುಳಿದ್ರ ಕೆಳಗ ಕುಂತವರ ಕಾಲ ಸುಡತಾವ ಅನ್ನೋದು ತಿಳೀಲಿಲ್ಲೇನ್ರಿ?"

"ನನ್ನ ಜೊತೆ ಬನ್ನಿ. ಹೋಟೆಲಲ್ಲಿ ಕೆಲಸ ಉಂಟು."

"ಬ್ಯಾಡ್ರಿ. ನಿಮ್ಮದು ತಪ್ಪಂತ ಅನ್ನಂಗಿಲ್ಲ. ಆದ್ರ ಈಗ ನಿಮ್ಮ ಮಾರಿ ನೋಡಿದ್ರ ನನಗ ಆ ವ್ಯಾನ್ ನೆನಪಾಕ್ಕೈತಿ." ಅವಳು ಉಳಿದ ಹೆಂಗಸರ ಜೊತೆ ನಡೆದುಬಿಟ್ಟಳು.

ಹರಿಣಾಕ್ಷಿ ಮನೆಗೆ ಬಂದು ಉಗ್ರಾಣದ ಪೆಟ್ಟಿಗೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಳೆದಳು. ಹಾಗೇ ಎಸೆದರೆ ಯಾರಾದರೂ ಆರಿಸಿ ಮಾರಿಯಾರು ಎಂದು ಪ್ರತಿ ಪೊಟ್ಟಣವನ್ನೂ ಹರಿದು ಬಕೆಟ್ಟಿನ ಬೂದಿನೀರಿಗೆ ಸುರಿದಳು. ಬೆಳಿಗ್ಗೆ ಗಂಟೆ ಬಾರಿಸುತ್ತ ಕಸದ ಘಂಟಾಗಾಡಿ ಬಂದಾಗ ಜಯರಾಮ ಹೊರಗೆ ಬಂದ. ಲುಂಗಿ ಎತ್ತಿ ಕಟ್ಟಿ, ಬಕೆಟ್ಟಿನ ಇನ್ನೊಂದು ಬದಿ ಹಿಡಿದ. ಅವಳು ಅವನ ಮುಖ ನೋಡಲಿಲ್ಲ. ಹಿಡಿಯಬೇಡಿ ಎಂದೂ ಅನ್ನಲಿಲ್ಲ.

ಶಶಿಕಾಂತನನ್ನು ಹಿಡಿದರು, ಜಾಮೀನೂ ಸಿಕ್ಕಿತು. ಶೇಟನ ಹೆಸರು ಎಲ್ಲಿಯೂ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಶಶಿಕಾಂತ ಏನೂ ಆಗದವನಂತೆ ಹೋಟೆಲಿನೊಳಗೆ ಬಂದು ಫ್ಯಾನಿನ ಕೆಳಗೆ ಕೂತ. "ವಹಿನಿ, ವೈರವೇಕೆ? ಒಂದು ಮಸಾಲೆದೋಸೆ ಕೊಡಿ" ಎಂದು ಹಲ್ಲು ಕಿರಿದ. ಹರಿಣಾಕ್ಷಿ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳು ಬಾಯಿ ತೆರೆಯುವ ಮುಂಚೆ ಗಲ್ಲೆಯಿಂದ ಜಯರಾಮನ ದನಿ ಬಂತು.

"ದೋಸೆ ಇಲ್ಲ. ಹಿಟ್ಟು ಮುಗಿದಿದೆ."

ಬೆಳಗಿನ ಎಂಟು ಗಂಟೆ. ಅಕ್ಕಪಕ್ಕದ ಮೇಜಿನಲ್ಲೆಲ್ಲ ದೋಸೆ ತಿನ್ನುತ್ತಿದ್ದರು.

"ಇಡ್ಲಿ?"

"ಅದೂ ಮುಗಿದಿದೆ. ನಿನಗೆ ಇಲ್ಲಿ ನೀರೂ ಮುಗಿದಿದೆ. ಏಳು."

ಜನ ತಿರುಗಿ ನೋಡಿದರು. ಶಶಿಕಾಂತ ನಗುತ್ತಲೇ ಎದ್ದ, ನಗುತ್ತಲೇ ಹೋದ. ಹರಿಣಾಕ್ಷಿ ಅವನು ಕೂತ ಕುರ್ಚಿಯನ್ನು ಹಿತ್ತಿಲಿಗೆ ಒಯ್ದು ತೊಳೆದಳು. ಅಂದು ಮಧ್ಯಾಹ್ನ, ಎಷ್ಟೋ ದಿನಗಳ ನಂತರ, ಗಂಡನಿಗೆ ತಾನೇ ಬಡಿಸಿದಳು.

ಚಳಿಗಾಲದ ಕೊನೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದಾನಮ್ಮ. ನಾಸಿಕದ ಆಚೆ ಸಟಾಣಾದಲ್ಲಿ ಈರುಳ್ಳಿ ಗೋದಾಮಿಗೆ ಸೇರಿದ್ದಾಳಂತೆ.

"ಎಂತ ಕೆಲಸ ದಾನಮ್ಮ?"

"ಕೊಳೆತ ಉಳ್ಳಾಗಡ್ಡಿ ಆರಿಸೂದ್ರಿ. ನಾತಕ್ಕ ಕಣ್ಣ ಉರೀತಾವ. ಆದ್ರ ಇವ್ರು ಕೊಳೆತದ್ದನ್ನ ಹೊರಗ ಒಗೀತಾರ್ರಿ ಅಕ್ಕಾರ." ಆಮೇಲೆ ಕೇಳಿದಳು, "ಕೋರ್ಟಿಗೆ ಕರದ್ರೇನ್ರಿ ನಿಮ್ಮನ್ನ?"

"ಬರುವ ತಿಂಗಳು."

"ನನ್ನೂ ಕರದಾರ. ನಾಸಿಕದ ಬಸ್ ಸ್ಟ್ಯಾಂಡಿನಾಗ ನಿಂದರ್ರಿ, ಕೂಡೇ ಹೋಗೂಣು."