ಟಗ್‌ಬಿಲಾರನ್‌ಗೆ ಹೆಣ್ಣು ಕೇಳಲು

ಜನವರಿಯ ಒಂದು ಶುಕ್ರವಾರ ಮಗ ನೈಜೆಲ್ ಆ ಹುಡುಗಿಯನ್ನು ಮನೆಗೆ ಕರೆತಂದಾಗ ನಾನು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. ರೊವೆನಾ ಎಂದು ಹೆಸರು. ಫಿಲಿಪ್ಪೀನ್ಸಿನವಳು, ಇಲ್ಲಿ ಕತಾರಿನ ಅಲ್ ರಯ್ಯಾನ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಅವಳು ನೇರ ಅಡುಗೆಮನೆಗೆ ಬಂದು, ಅಂಗಿಯ ತೋಳು ಮಡಚಿ, ಸಿಂಕಿನಲ್ಲಿದ್ದ ಉಳಿದ ಮೀನು ತೊಳೆಯಲು ನಿಂತಳು. ಬೇಡ ಎಂದು ತಡೆಯೋಣವೆಂದರೆ ನನ್ನ ಎರಡೂ ಕೈ ಮಸಾಲೆಯಲ್ಲಿತ್ತು.

ಅವಳು ಹೋದ ಮೇಲೆ ಮಗನಿಗೆ ನನ್ನ ಅಡ್ಡಿಯಿಲ್ಲ ಎಂದೆ. ನನ್ನ ಗಂಡ ವ್ಯಾಲೆಂಟೈನ್ ಕೆಲವು ದಿನ ಅವಳ ಊರು, ಚರ್ಚು ಎಲ್ಲ ವಿಚಾರಿಸಿದರು. ಕಡೆಗೆ ಕ್ಯಾಥಲಿಕ್ ಹುಡುಗಿಯಲ್ಲವಾ, ಸರಿ ಎಂದರು. ಆದರೆ ನಮ್ಮ ಮನೆತನದಲ್ಲಿ ಹುಡುಗಿಯ ಕಡೆಯಿಂದಲೇ ಮೊದಲ ಮಾತು ಬರುವುದು. ಇವರ ಅಕ್ಕಂದಿರ ಮದುವೆಗೂ ನನ್ನ ಮದುವೆಗೂ ಹಾಗೇ ನಡೆದಿತ್ತು. "ಅವಳ ಅಪ್ಪನಿಂದ ಒಂದು ಫೋನ್ ಬರಲಿ. ಮತ್ತೆ ಎಲ್ಲ ಮುಂದುವರಿಸುವ" ಎಂದರು.

ನಾವು ಕಾದೆವು.

ಕಾಯುವವಳ ಕೈ ಸುಮ್ಮನಿರುವುದಿಲ್ಲ. ಊರಿನಲ್ಲಾಗಿದ್ದರೆ ಸಂಬಂಧ ಬಂದ ಮನೆಯ ಬಗ್ಗೆ ಚರ್ಚಿನ ವಿಗಾರರ ಹತ್ತಿರ ಕೇಳಬಹುದಿತ್ತು, ಮೀನು ಮಾರುವವಳ ಹತ್ತಿರ ಕೇಳಬಹುದಿತ್ತು. ಇಲ್ಲಿ, ಅಲ್ ಗರಾಫಾದ ಮೂರನೇ ಮಹಡಿಯಲ್ಲಿ, ನನಗೆ ಸಿಕ್ಕಿದ್ದು ನೈಜೆಲನ ಕಂಪ್ಯೂಟರ್ ಮಾತ್ರ. ಕುಕ್ಕರ್ ಕೂಗುವಷ್ಟರಲ್ಲಿ ರೊವೆನಾಳ ಊರಿನ ಹೆಸರು ಟಗ್‌ಬಿಲಾರನ್ ಎಂದು ಒತ್ತಿ ನೋಡುತ್ತಿದ್ದೆ. ಬೋಹೋಲ್ ಎಂಬ ದ್ವೀಪಕ್ಕೆ ಅದೇ ದೊಡ್ಡ ಊರು. ಸರಕಾರಿ ಕಚೇರಿಗಳೆಲ್ಲ ಅಲ್ಲೇ, ಹಡಗಿನ ಕಟ್ಟೆಯೂ ಅಲ್ಲೇ. ಪ್ರವಾಸಿಗಳು ಅಲ್ಲಿಳಿದು ಸಮುದ್ರತೀರಕ್ಕೂ, ಬೋರಲು ಹಾಕಿದ ಬಟ್ಟಲಿನಂಥ ಕಂದು ಗುಡ್ಡಗಳಿಗೂ ಹೋಗುತ್ತಾರೆ. ಅಂಗೈಯಲ್ಲಿ ಹಿಡಿಸುವ, ಮುಖಕ್ಕಿಂತ ಕಣ್ಣೇ ದೊಡ್ಡದಾದ ಒಂದು ಪ್ರಾಣಿಯ ಚಿತ್ರ ಎಲ್ಲ ಕಡೆ ಇತ್ತು. ಹೋಟೆಲುಗಳ ಕೋಣೆ, ಊಟ, ಹಾಸಿಗೆ ಎಲ್ಲ ನೋಡಿದೆ. ಆ ಊರಿನ ಮನೆಯೊಳಗೆ ಜನ ಹೇಗಿರುತ್ತಾರೆ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ನಮ್ಮ ಕೊಂಕಣಿ ಗಾಯನ ಪಂಗಡದ ಅಗಾತಾಬಾಯಿಗೆ ವಿಷಯ ಗೊತ್ತಾಗಿ, ಪ್ರಾಕ್ಟೀಸಿನ ನಡುವೆ ನನ್ನ ಪಕ್ಕ ಬಂದು ಕೂತಳು.

"ಟೂರಿಸ್ಟ್ ಊರಿನವರು ಅಲ್ವಾ ಜರ್ಟ್ರೂಡ್. ಬಂದವರಿಗೆಲ್ಲ ನಗ್ತಾರೆ. ಅದು ಸಂಬಂಧವೋ, ವ್ಯಾಪಾರವೋ ಅಂತ ನಿನಗೆ ಹೇಗೆ ಗೊತ್ತಾಗ್ತದೆ?"

ಅಷ್ಟು ನಗುವವರು ಒಂದು ಫೋನಾದರೂ ಮಾಡಬೇಕಿತ್ತಲ್ಲ ಎಂಬುದು ನನ್ನ ಸಂಕಟ. ಮಾರ್ಚ್ ಬಂತು, ಈಸ್ಟರಿಗೆ ಮೊದಲಿನ ಉಪವಾಸದ ಕಪ್ಪುಕಾಲವೂ ಅರ್ಧ ಕಳೆಯಿತು. ಫೋನ್ ಹೊಡೆದುಕೊಂಡಾಗಲೆಲ್ಲ ನಾನು ಒದ್ದೆ ಕೈಯಲ್ಲೇ ಓಡುತ್ತಿದ್ದೆ. ನೈಜೆಲ್ ತಟ್ಟೆಯಲ್ಲಿ ಅನ್ನ ಬಿಡತೊಡಗಿದ. ಕೇಳಿದರೆ, ರೊವೆನಾ ಮೊದಲಿನಂತೆ ಮಾತಾಡುವುದಿಲ್ಲ ಎಂದ. ಆ ವರ್ಷ ಎಲ್ಲ ಕಂಪೆನಿಗಳಲ್ಲೂ ಜನರನ್ನು ಕಡಿಮೆ ಮಾಡುತ್ತಿದ್ದರು. ಅವಳ ಕ್ಲಿನಿಕ್ಕಿನವರೂ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದಿದ್ದರು. ಮೇ ಒಂದಕ್ಕೆ ಅವಳ ಊರಿನ ಹಬ್ಬ; ಅಷ್ಟರೊಳಗೆ ಅವಳು ಹೊರಟುಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

"ನೀನೇ ಅವಳ ಅಪ್ಪನಿಗೆ ಹೇಳು" ಎಂದೆ.

"ನಾನು ಹೇಳಿದ್ರೆ ಆಗೋದಿಲ್ಲ ಅಂತೆ ಮಮ್ಮಿ. ಯಾಕೆ ಅಂತ ಕೇಳಿದ್ರೆ ಅವಳು ಅಳ್ತಾಳೆ."

ಗರಿಗಳ ಹಬ್ಬದ ಪೂಜೆ ಇಲ್ಲಿ ಭಾನುವಾರಕ್ಕೆ ಬದಲು ರಜೆಯ ಶುಕ್ರವಾರ. ಅದು ಮುಗಿದಾಗ ಹೊಸ ಚರ್ಚಿನ ಅಂಗಳದಲ್ಲಿ ಜನವೋ ಜನ. ಗರಿ ಹಿಡಿದು ಬಸ್ಸಿಗೆ ಕಾಯುತ್ತಿದ್ದ ರೊವೆನಾಳನ್ನು ನಾನು ಕೈಹಿಡಿದು ಎಳೆದೇ ತಂದು ನಮ್ಮ ಕಾರಿನಲ್ಲಿ ಕೂರಿಸಿದೆ. ವ್ಯಾಲೆಂಟೈನ್ ಯಾರೊಡನೆಯೋ ಮಾತಾಡುತ್ತ ಹಿಂದುಳಿದಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದೆ: ನಾವು ನಿಮ್ಮವರಿಗೆ ಇಷ್ಟವಿಲ್ಲವೇ? ಒಂದು ಫೋನ್ ಮಾಡಲು ನಿನ್ನ ಅಪ್ಪನಿಗೆ ಏನು ತೊಂದರೆ?

ಅವಳು ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆಂಟಿ, ಅಪ್ಪ ಫೆಬ್ರವರಿಯಲ್ಲೇ ಮುಂದಿನ ಕೋಣೆಗೆ ಬಣ್ಣ ಹೊಡೆಸಿದ್ದಾರೆ. ನೀವು ಬರ್ತೀರಿ ಅಂತ. ನಮ್ಮಲ್ಲಿ ಹುಡುಗನ ಅಪ್ಪ ಅಮ್ಮ ಮನೆಗೆ ಬಂದು ಕೇಳಬೇಕು. ಹುಡುಗಿಯ ಅಪ್ಪನೇ ಫೋನ್ ಮಾಡಿದ್ರೆ, ಮಗಳನ್ನು ತಗೊಳ್ಳಿ ಅಂತ ಬೇಡಿದ ಹಾಗೆ. ನೀವು ಬರಲಿಲ್ಲ. ನಾನು ನಿಮಗೆ ಬೇಡ ಅಂದ್ಕೊಂಡೆ."

ಅಷ್ಟರಲ್ಲಿ ವ್ಯಾಲೆಂಟೈನ್ ಬಂದು ಕಾರಿನ ಬಾಗಿಲು ತೆರೆದರು. ಅವಳು ಕಣ್ಣೊರೆಸಿಕೊಂಡು ಗುಡ್ ಮಾರ್ನಿಂಗ್ ಅಂಕಲ್ ಎಂದಳು.

ಅವಳನ್ನು ಇಳಿಸಿ ಮನೆಗೆ ಬರುವವರೆಗೆ ತಡೆದುಕೊಂಡಿದ್ದ ಮಾತನ್ನು ಬಾಗಿಲು ಹಾಕಿದ ಕೂಡಲೇ ಹೇಳಿದೆ. ಇವರು ಸೋಫಾದಲ್ಲಿ ಕೂತು ಪೇಪರ್ ಬಿಡಿಸಿದರು.

"ಅವರಿಗೆ ಅವರ ಕ್ರಮ, ನಮಗೆ ನಮ್ಮದು. ಹುಡುಗನ ಅಪ್ಪ ಸಮುದ್ರ ದಾಟಿ ಹೋಗಿ ಕೈಕಟ್ಟಿ ನಿಲ್ಲಬೇಕಾ? ನನ್ನ ಅಪ್ಪ ಎಲ್ಲಿಗೂ ಹೋಗಿಲ್ಲ."

"ನಿಮ್ಮ ಅಪ್ಪನಿಗೆ ನನ್ನ ಮನೆ ಎರಡು ಗದ್ದೆ ಆಚೆ ಇತ್ತು" ಎಂದೆ.

ರಜೆ ಸಿಗುವುದಿಲ್ಲ, ಮ್ಯಾನೇಜರ್ ದೇಶ ಬಿಟ್ಟು ಹೊರಡಲು ಬೇಕಾದ ಎಕ್ಸಿಟ್ ಪರ್ಮಿಟ್‌ಗೆ ಸಹಿ ಹಾಕುವುದಿಲ್ಲ, ಈಗ ರಜೆ ಕೇಳಿದವನ ಹೆಸರೇ ಮೊದಲು ಹೋಗುವುದು ಎಂದೆಲ್ಲ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಂಟ್ರಾಕ್ಟಿಂಗ್ ಕಂಪೆನಿಯ ಅಕೌಂಟ್ಸಿನಲ್ಲಿ ಇವರ ಪಕ್ಕದ ಕುರ್ಚಿ ಆಗಲೇ ಖಾಲಿಯಾಗಿತ್ತು. ನಾನು ಅಡುಗೆಮನೆಗೆ ಹೋದೆ. ಅಕ್ಕಿ ತೊಳೆದು ಒಲೆಗಿಟ್ಟೆ, ಬಟ್ಟೆ ಒಣಹಾಕಿದೆ, ಮತ್ತೆ ಒಳಗೆ ಬಂದು ನೈಜೆಲನಿಂದ ನಂಬರ್ ಇಸಕೊಂಡು ಟಗ್‌ಬಿಲಾರನ್‌ಗೆ ಫೋನ್ ಹಚ್ಚಿದೆ.

ರೊವೆನಾಳ ಅಪ್ಪ ಅನ್ಸೆಲ್ಮೊ ಅಲ್ಲಿನ ಸರಕಾರಿ ಕಚೇರಿಯ ಗುಮಾಸ್ತ. ಮೆತ್ತಗಿನ ಸ್ವರ. ನಾವು ಹಬ್ಬಕ್ಕೆ ಬರುತ್ತೇವೆ ಎಂದೆ. ಅವರು ಹಬ್ಬದ ದಿನ ಬೇಡ ಎಂದರು. ಆ ದಿನ ಊರಿನ ಎಲ್ಲ ಮನೆಗಳ ಬಾಗಿಲೂ ತೆರೆದಿರುತ್ತದೆ, ಗುರುತಿಲ್ಲದವರೂ ಬಂದು ಉಂಡು ಹೋಗುತ್ತಾರೆ.

"ನಮ್ಮ ಊರಿಗೆ ನೋಡಲಿಕ್ಕೆ ದಿನಾ ಜನ ಬರ್ತಾರೆ ಮೇಡಮ್. ನೀವು ಅವರ ಜೊತೆ ಬರಬೇಡಿ. ಮರುದಿನ ಬನ್ನಿ. ನೈಜೆಲನ ತಂದೆ ಬರ್ತಾರಲ್ಲ?"

ನಾನು ಫೋನನ್ನು ಎದೆಗೊತ್ತಿ ಹಿಡಿದು ಇವರ ಕಡೆ ನೋಡಿದೆ. ಪೇಪರಿನ ಹಾಳೆ ಮಗುಚಿ ಬಹಳ ಹೊತ್ತಾಗಿತ್ತು. ನೈಜೆಲ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಇವರು ಅವನನ್ನು ನೋಡಿದರು, ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಆಫೀಸಿನ ಇಂಗ್ಲಿಷಿನಲ್ಲಿ, ಬರುತ್ತೇನೆ ಸರ್ ಎಂದರು. ಇಟ್ಟ ಮೇಲೆ ನನಗೆ, "ಪರ್ಮಿಟ್ ಸಿಗದಿದ್ರೆ ಖಲಾಸ್, ನನ್ನ ಮರ್ಯಾದೆ ಎರಡು ದೇಶದಲ್ಲಿ ಹೋಯ್ತು" ಎಂದರು.

ಅಲ್ಲಿಂದ ಮುಂದಿನ ದಿನಗಳು ನನಗೆ ಬಟ್ಟೆ ಮಡಚಿದ್ದೂ ಬಿಚ್ಚಿದ್ದೂ ಆಯಿತು. ವೀಸಾ ಬಂತು, ಪರ್ಮಿಟ್ ಬರಲಿಲ್ಲ. ಮ್ಯಾನೇಜರ್ ಇವತ್ತು, ನಾಳೆ ಎಂದು ಓಡಾಡಿಸಿದ. ಏಪ್ರಿಲ್ ಕೊನೆಗೆ ಪರ್ಮಿಟ್ಟಿಗೂ ಅರ್ಧ ವಾರದ ರಜೆಗೂ ಸಹಿ ಬಿತ್ತು, ವಾಪಸು ಬಂದಾಗ ಕುರ್ಚಿ ಇದ್ದರೆ ನಿನ್ನ ಅದೃಷ್ಟ ಎಂಬ ಮಾತಿನೊಂದಿಗೆ.

ರಜೆ ಸಿಕ್ಕಿದ ನೈಜೆಲನೂ ಸೇರಿ ಮೂವರು ಹೊರಟೆವು; ಪಕ್ಕದ ದ್ವೀಪ ಸೆಬುವಿನವರೆಗೆ ವಿಮಾನ, ಅಲ್ಲಿಂದ ಹಡಗು. ನಾವು ಟಗ್‌ಬಿಲಾರನ್ ತಲುಪಿದಾಗ ಹಬ್ಬದ ತೋರಣ ಇನ್ನೂ ಬೀದಿಯಲ್ಲಿ ತೂಗುತ್ತಿತ್ತು. ಕಟ್ಟೆಯಲ್ಲಿ ಹೋಟೆಲು, ವ್ಯಾನು, ದೋಣಿ ಎಂದು ಹತ್ತಾರು ಜನ ಮುತ್ತಿಕೊಂಡರು. ಇವರು ಟೈ ಸರಿಪಡಿಸಿಕೊಳ್ಳುತ್ತ, ನಾವು ಟೂರಿಸ್ಟ್ ಅಲ್ಲ, ಟೂರಿಸ್ಟ್ ಅಲ್ಲ ಎನ್ನುತ್ತ ನಡೆದರು.

ಬಣ್ಣ ಹೊಡೆದ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ರೊವೆನಾಳ ಅಮ್ಮ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಇವರು ಎದ್ದು ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಮರೆತು, ನಿಮ್ಮ ಮಗಳನ್ನು ನಮ್ಮ ಮಗನಿಗೆ ಕೊಡುತ್ತೀರಾ ಎಂದಷ್ಟೇ ಕೇಳಿದರು.

ಅನ್ಸೆಲ್ಮೊ ಕೂಡಲೇ ಹೂಂ ಅನ್ನಲಿಲ್ಲ.

"ಅವಳು ಎಲ್ಲಿರ್ತಾಳೆ? ಕತಾರಿನಲ್ಲಾ, ನಿಮ್ಮ ಊರಿನಲ್ಲಾ?"

ಇವರು ನನ್ನ ಕಡೆ ನೋಡಿದರು. ಇವರ ಕೆಲಸ ಹೋದರೆ ನಮ್ಮ ವೀಸಾ ಹೋಯಿತು. ನೈಜೆಲನ ಕೆಲಸವೂ ಅಂಥದ್ದೇ. ಮಂಗಳೂರಿನಲ್ಲಿ ನಮಗಾಗಿ ಯಾರೂ ಕಾದಿರಲಿಲ್ಲ. 

"ಗೊತ್ತಿಲ್ಲ ಸರ್" ಎಂದರು ಇವರು. "ನಾವು ಎಲ್ಲಿರ್ತೇವೆ ಅಂತಲೇ ನನಗೆ ಗೊತ್ತಿಲ್ಲ."

ನೈಜೆಲ್ ಕುರ್ಚಿಯ ತುದಿಗೆ ಸರಿದ. ಅನ್ಸೆಲ್ಮೊ ಮಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಅವಳು ಚಿಕ್ಕದಾಗಿ ಉತ್ತರಿಸಿದಳು. ಅಮ್ಮ ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು.

"ನಿಮ್ಮ ರಜೆ ಯಾವಾಗ ಮುಗೀತದೆ?" ಎಂದು ಅನ್ಸೆಲ್ಮೊ ಇವರನ್ನು ಕೇಳಿದರು.

"ನಾಳೆ ಹೊರಡಬೇಕು."

"ಹಾಗಾದರೆ ಕೂತ್ಕೊಂಡಿದ್ರೆ ಆಗೋದಿಲ್ಲ. ಪಾದ್ರಿಯವರು ಮಧ್ಯಾಹ್ನ ಮಲಗ್ತಾರೆ, ಅದಕ್ಕೆ ಮೊದಲು ಹೋಗಿ ಮದುವೆಗೆ ತಾರೀಕು ಕೇಳುವ" ಎನ್ನುತ್ತ ಅನ್ಸೆಲ್ಮೊ ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದರು.