ಬ್ರೆಡ್ ಕೊಯ್ಯುವ ಚಾಕು

ಉಗುರಿನಿಂದ ಎಬ್ಬಿಸಿದರೂ ಅದು ಬ್ರೆಡ್ಡಿನ ಚೂರಿನಂತೆ ಪುಡಿಯಾಗಲಿಲ್ಲ. ಚಾಕುವಿನ ಹಲ್ಲುಗಳ ಸಂದಿಯಲ್ಲಿ, ಹಿಡಿಯ ಹತ್ತಿರ, ಹಳದಿ ಬಣ್ಣದ ಗಟ್ಟಿ ಸಿಪ್ಪೆಯೊಂದು ಸಿಕ್ಕಿಕೊಂಡಿತ್ತು. ಅವಳು ಅದನ್ನು ಬೆರಳ ತುದಿಯಲ್ಲಿಟ್ಟು ನಲ್ಲಿಯ ಕೆಳಗೆ ಹಿಡಿದಳು. ಕರಗಲಿಲ್ಲ. ಬೆಳ್ಳಗೆ ಉಬ್ಬಿಕೊಂಡಿತು.

"ರೀ, ಈ ಚಾಕು ಯಾರು ಮುಟ್ಟಿದ್ದು?"

ಮೇಜಿನ ಮುಂದೆ ಕೂತಿದ್ದ ಗಂಡ ಪೇಪರಿನಿಂದ ಮುಖ ಎತ್ತಲಿಲ್ಲ. "ನಾನೇ. ಹಿಮ್ಮಡಿ ಒಡೆದಿತ್ತಲ್ಲ, ನಿನ್ನೆ ಸ್ನಾನ ಆದ್ಮೇಲೆ ಕೆರ್ಕೊಂಡೆ. ಜಪಾನಿನ ಸ್ಟೀಲು ಅಂದ್ರೆ ಸ್ಟೀಲು ಕಣೆ. ಕಲ್ಲಲ್ಲಿ ತಿಕ್ಕಿದ್ರೂ ಹೋಗದ ಚರ್ಮ, ಬೆಣ್ಣೆ ಥರ ಬಂತು."

"ನಿನ್ನೆ ಒಂದಿನಾನಾ?"

"ಚಳಿ ಶುರುವಾದಾಗಿಂದ. ಭಾನುವಾರ ಭಾನುವಾರ. ತೊಳೆದೇ ಇಡ್ತೀನಪ್ಪ."

"ಎಲ್ಲಿ?"

"ಬಚ್ಚಲಲ್ಲಿ. ಇನ್ನೆಲ್ಲಿ?"

ಎದುರಿಗೆ ಕೂತಿದ್ದ ಅತ್ತೆ ನಕ್ಕರು. "ನಂಗೂ ಒಂದ್ಸಲ ಕೆರೆದು ಕೊಡೋ ಅಂದ್ರೆ ಇವನಿಗೆ ಪುರುಸೊತ್ತೇ ಇಲ್ಲ."

ಅತ್ತೆಗೂ ಗೊತ್ತಿತ್ತು. ಅವಳು ಚಾಕುವನ್ನು ಸಿಂಕಿನಲ್ಲಿಟ್ಟಳು. ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು. ಕಟ್ಟೆಯ ಮೇಲೆ ನಾಲ್ಕು ಬ್ರೆಡ್ಡು ಕೊಯ್ದು ಪೊಟ್ಟಣ ಕಟ್ಟಿಟ್ಟಾಗಿತ್ತು. ನಿನ್ನೆ ಸಂಜೆ ಬೇಯಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಒಂದೇ ದಪ್ಪಕ್ಕೆ ಕೊಯ್ದದ್ದು. ಸೋಮವಾರವೆಂದರೆ ಶಿಶುವಿಹಾರದ ಸರದಿ. ಅವಳ ಬ್ರೆಡ್ಡನ್ನು ಮೊದಲು ನಂಬಿ ಕೊಂಡವರೇ ಅವರು. ಮಕ್ಕಳು ಅಂಚನ್ನೂ ಬಿಡದೆ ತಿನ್ನುತ್ತವೆ ಎಂದು ಟೀಚರ್ ಹೇಳಿದ್ದ ದಿನ ಅವಳು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದಿದ್ದಳು. ಈಗ ಆ ಅಂಚುಗಳೇ ಕಣ್ಣ ಮುಂದೆ ಬಂದವು. ಚಳಿ ಶುರುವಾದಾಗಿನಿಂದ ಎಷ್ಟು ಸೋಮವಾರ?

ಅವಳು ಫೋನ್ ತೆಗೆದುಕೊಂಡಳು.

"ಏನಂತ ಹೇಳ್ತೀಯ? ನನ್ನ ಹಿಮ್ಮಡಿ ಪುರಾಣಾನಾ?" ಗಂಡ ಈಗ ಪೇಪರ್ ಮಡಚಿದ. "ಸುಮ್ನೆ ಕಳಿಸು. ಯಾರಿಗೆ ಗೊತ್ತಾಗುತ್ತೆ? ಇದು ಹೋದ್ರೆ ಇನ್ನೊಂದು ಆರ್ಡರ್ ಬರಲ್ಲ, ನೋಡ್ಕೋ."

"ಟೀಚರ್, ಇವತ್ತು ಬ್ರೆಡ್ ಕಳಿಸಲ್ಲ. ಮಕ್ಕಳಿಗೆ ಕೊಡೋ ಹಾಗಿಲ್ಲ." ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿದಳು. "ಚಳಿ ಶುರುವಾದಾಗಿಂದ ಕಳಿಸಿದ್ದೂ ಕೊಡೋ ಹಾಗಿರಲಿಲ್ಲ. ನಮ್ಮನೆಯವರು ಬ್ರೆಡ್ ಕೊಯ್ಯೋ ಚಾಕುವಲ್ಲಿ ಕಾಲು ಕೆರ್ಕೋತಾ ಇದ್ರಂತೆ. ನಂಗೆ ಈಗ ಗೊತ್ತಾಯ್ತು."

ಆ ಕಡೆಯಿಂದ "ಇನ್ಮೇಲೆ ಬೇಡಮ್ಮ," ಎಂದಷ್ಟೇ ಕೇಳಿಸಿತು.

"ಮಾನ ಹರಾಜು ಹಾಕಿದೆಯಲ್ಲೇ!" ಗಂಡ ಎದ್ದು ಬಂದು ಒಂದು ಪೊಟ್ಟಣ ಎಳೆದುಕೊಂಡ. "ಇಷ್ಟೊಳ್ಳೆ ಬ್ರೆಡ್ಡು. ಏನಾಗಿದೆ ಇದಕ್ಕೆ?" ಮತ್ತೆ ಕೂತು, ಒಂದು ತುಂಡನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟ.

"ದಂಡ ಮಾಡ್ಬಾರ್ದು. ನಂಗೂ ಎರಡು ಹಾಕೋ," ಎಂದು ಅತ್ತೆ ತಟ್ಟೆ ಮುಂದೆ ಮಾಡಿದರು.

ಅವಳು ಚಾಕುವನ್ನು ಮತ್ತೆ ಕೈಗೆತ್ತಿಕೊಂಡಳು. ಮೇಜಿನ ಕೆಳಗೆ ಅವನು ಚಪ್ಪಲಿ ಬಿಟ್ಟು ಕಾಲು ನೀಡಿದ್ದ. ಒಂದು ಬಿರುಕೂ ಇಲ್ಲದ, ಎಳೆ ಮಗುವಿನದರಂತೆ ಕೆಂಪಗಿದ್ದ ಹಿಮ್ಮಡಿ, ಅವನು ಅಗಿಯುವ ಲಯಕ್ಕೆ ಸರಿಯಾಗಿ ನೆಲವನ್ನು ಮೆಲ್ಲಗೆ ಬಡಿಯುತ್ತಿತ್ತು.