ಅಬಿದತ್ ಬಾಯಿ ಬಿಟ್ಟ ದಿನ

ಮದುವೆಯಾಗಿ ಮೂರು ವರ್ಷವಾದರೂ ಅಬಿದತ್ ಮಾವನೆದುರು ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಕಾಕಸಸ್ ಬೆಟ್ಟಸೀಮೆಯ ಕರಚಾಯ್ ಜನರಲ್ಲಿ ಸೊಸೆಯಂದಿರ ಪಾಡೇ ಅಷ್ಟು: ಮಾವನೇ 'ಮಾತಾಡು' ಎಂದು ಬಾಯಿ ಬಿಚ್ಚಿಸಬೇಕು, ಅಂದು ಸೊಸೆ ಕೇಳಿದ್ದನ್ನು ಕೊಡಬೇಕು. ಅವಳ ಮಾವ ಸಪಾರ್‌ಬಿಗೆ ಅದರ ಅವಸರವೇನೂ ಇರಲಿಲ್ಲ. ಮಾತಾಡದ ಸೊಸೆ ಯಾರಿಗೆ ಬೇಡ!

ಶಾಲೆಯಲ್ಲಿ ಮಾತ್ರ ಅವಳ ಬಾಯಿಗೆ ಬೀಗವಿರಲಿಲ್ಲ. ಅಲ್ಲಿ ಕರಚಾಯ್ ಭಾಷೆ ಕಲಿಸುವ ಟೀಚರ್ ಅವಳೇ. 'ಯುಯ್' ಎಂದರೆ ಮನೆ, 'ಯುಯುಮ್' ನನ್ನ ಮನೆ, 'ಯುಯುಮ್‌ದೆ' ನನ್ನ ಮನೆಯಲ್ಲಿ, 'ಯುಯುಮ್‌ದೆನ್' ನನ್ನ ಮನೆಯಿಂದ. ಪ್ರತ್ಯಯದ ಮೇಲೆ ಪ್ರತ್ಯಯ ಬರುತ್ತಲೇ ಮಕ್ಕಳು ರಷ್ಯನ್‌ಗೆ ಜಾರುತ್ತಿದ್ದವು, ಅವಳು ಮತ್ತೆ ಎಳೆದು ತರುತ್ತಿದ್ದಳು. ಈಗ ಆ ತರಗತಿಗೇ ಕುತ್ತು. ಶುಕ್ರವಾರದೊಳಗೆ ಹತ್ತು ಮಕ್ಕಳ ಅರ್ಜಿ ಬರದಿದ್ದರೆ ಪಾಠ ಬಂದ್. ಒಂಬತ್ತು ಬಂದಿದ್ದವು. ಹತ್ತನೆಯದು ಮಾವನ ಮೊಮ್ಮಗಳು, ಹೆತ್ತವರಿಲ್ಲದ ಜಾಲಿಹಾ ಎಂಬ ಹುಡುಗಿಯದು ಬರಬೇಕಿತ್ತು. ಅವಳಿಗೆ ಪೋಷಕ ಸಪಾರ್‌ಬಿಯೇ, ಅವನೇ ಸಹಿ ಹಾಕಬೇಕು.

ಸೊಸೆಯ ಪರವಾಗಿ ಅತ್ತೆ ಕೇಳಿದ್ದಕ್ಕೆ ಮುದುಕ ನಕ್ಕುಬಿಟ್ಟ. "ಮನೆಮಾತಿಗೂ ಪಾಠವಾ? ಹಸುಗೆ ಬಾಲ ಎಲ್ಲಿರತ್ತೆ ಅಂತ ಯಾರಾದ್ರೂ ಪಾಠ ಹೇಳ್ತಾರೇನೇ? ಆ ಹೊತ್ತಲ್ಲಿ ಮಗು ನಾಲ್ಕು ಲೆಕ್ಕ ಕಲೀಲಿ."

ಅಬಿದತ್ ಹಲ್ಲು ಕಚ್ಚಿದಳು. ಸೋಮವಾರ ಮಾವನ ಮಜ್ಜಿಗೆ ಬಟ್ಟಲಿನಡಿ ಅರ್ಜಿ ಇಟ್ಟಳು. ಅವನು ಪಕ್ಕಕ್ಕೆ ಸರಿಸಿದ. ಮಂಗಳವಾರ ಮತ್ತೆ ಇಟ್ಟಳು. ಬುಧವಾರ ಅವನು ಅದನ್ನು ಒಲೆಗೆ ಹಾಕಿದ. ಗುರುವಾರ ಹೊಸದು ಹಾಜರ್. ತಲೆ ತಗ್ಗಿಸಿ ಸುಮ್ಮನೆ ನಿಲ್ಲುವವಳ ಜೊತೆ ಜಗಳವಾಡುವುದಾದರೂ ಹೇಗೆ?

ಶುಕ್ರವಾರ ಬೆಳಿಗ್ಗೆ ನೆರೆಮನೆಯ ಹಿರಿಯ ಖಿಜಿರ್ ಬಂದು ಕೂತಿದ್ದ. ಬಟ್ಟಲೆತ್ತಿದರೆ ಅದೇ ಕಾಗದ. ಸಪಾರ್‌ಬಿಗೆ ಪಿತ್ತ ನೆತ್ತಿಗೇರಿತು.

"ಏನೇ ನಿನ್ ಹಟ? ಏನ್ ಹೇಳ್ಬೇಕೋ ಬಾಯ್ಬಿಟ್ಟು ಹೇಳೇ!"

ಅತ್ತೆ ಕೈಲಿದ್ದ ಸೌಟು ಕೆಳಗಿಟ್ಟಳು.

"ಲೋ ಸಪಾರ್‌ಬಿ, ಸೊಸೆ ಬಾಯಿ ಬಿಚ್ಚಿಸಿಬಿಟ್ಯಲ್ಲೋ!" ಖಿಜಿರ್ ತೊಡೆ ತಟ್ಟಿಕೊಂಡು ನಕ್ಕ. "ನಾನೇ ಸಾಕ್ಷಿ. ತೆಗಿ, ಕೇಳಿದ್ದು ಕೊಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕನ ಕಿವಿ ಕೆಂಪಾದವು. "ಕೆಂದ ಕರು ತಗೋ," ಎಂದು ಗೊಣಗಿದ.

ಅಬಿದತ್ ತಗ್ಗಿಸಿದ್ದ ತಲೆ ಎತ್ತಿದಳು.

"ಆತಮ್," ಎಂದಳು. ಅಂದರೆ, ನನ್ನಪ್ಪಾ. "ಕರು ಕೊಟ್ಟಿಗೇಲೇ ಇರ್ಲಿ. ನಂಗೆ ನಿಮ್ಮ ಸಹಿ ಬೇಕು."

ಹೆಣ್ಣುದನಿಯಲ್ಲಿ ಆ ಕರೆ ಕೇಳಿ ಅವನಿಗೆ ಐದು ವರ್ಷವಾಗಿತ್ತು, ಜಾಲಿಹಾಳನ್ನು ಹೆತ್ತ ಮಗಳು ತೀರಿಕೊಂಡಾಗಿನಿಂದ. ಅವನು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ.

"ಪೆನ್ನು ಎಲ್ಲಮ್ಮಾ?" ಎಂದ.

ಸೋಮವಾರದಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಪೆನ್ನನ್ನು ಅಬಿದತ್ ತೆಗೆದುಕೊಟ್ಟಳು.